ಜೋಳಿಗೆಗೆ ಬಾಟಲಿ ಹಾಕಿ, ಗುಳಿಗೆ ಹಾಕಬೇಡಿ

(ವ್ಯಸನಮುಕ್ತ ದಿನದ ನಿಮಿತ್ತ ಮಂಗಳೂರಿನ ಉರ್ವದಲ್ಲಿ ನಡೆದ ಶರಣ ಸಂಗಮದಲ್ಲಿ ಮಾಡಿದ ಭಾಷಣದ ಬರಹರೂಪ)

 

ಸಂಘಟಕರು ನನಗೆ ಕೊಟ್ಟ ವಿಷಯ ‘ಮದ್ಯಪಾನದ ದುಷ್ಪರಿಣಾಮಗಳು’. ಅದನ್ನೇ ಹೇಳುತ್ತಾ ಹೋದರೆ ನಿಮಗೆ ಗೊತ್ತಿರುವುದನ್ನು ಮತ್ತೊಮ್ಮೆ ಹೇಳಿದ ಹಾಗಾಗುತ್ತದೆ. ಕುಡಿತ ಕೆಟ್ಟದ್ದು ಎಂದು ಒಪ್ಪದವರು ಈ ಸಭೆಗೆ ಬರುವುದೇ ಇಲ್ಲ. ಆದ್ದರಿಂದ ಪೂಜ್ಯರ ಅಪ್ಪಣೆ ಪಡೆದು ವಿಷಯವನ್ನು ಸಣ್ಣದು ಮಾಡಿಕೊಂಡಿದ್ದೇನೆ. ಮನಸ್ಸಿನ ಕಾಯಿಲೆಗೆ, ಅದರಲ್ಲೂ ಡಾಕ್ಟರರು ಬೈಪೋಲಾರ್ ಎಂದು ಹೇಳುವ ಕಾಯಿಲೆಗೆ ಔಷಧ ತೆಗೆದುಕೊಳ್ಳುವವರು ಕುಡಿದರೆ ಏನಾಗುತ್ತದೆ, ಅವರ ಮನೆಯವರು ಏನು ಮಾಡಬೇಕು, ಏನು ಮಾಡಬಾರದು, ಇಷ್ಟು ಮಾತ್ರ ಮಾತಾಡುತ್ತೇನೆ.

ನಾನು ಡಾಕ್ಟರಲ್ಲ. ಫಾರ್ಮಸಿ ಓದಿದವಳು. ಬಾಗಲಕೋಟೆ ಜಿಲ್ಲೆಯವಳಾದರೂ ಇಪ್ಪತ್ತು ವರ್ಷದಿಂದ ಇದೇ ಉರ್ವದಲ್ಲಿ ಔಷಧ ಅಂಗಡಿಯ ಕೌಂಟರಿನ ಹಿಂದೆ ನಿಂತಿದ್ದೇನೆ. ಡಾಕ್ಟರರು ರೋಗಿಯನ್ನು ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ನೋಡುತ್ತಾರೆ. ಯಾರು ಈ ತಿಂಗಳು ಗುಳಿಗೆಗೆ ಬರಲಿಲ್ಲ, ಯಾರು ಮೂವತ್ತು ಬರೆದಿದ್ದರೆ ಹತ್ತೇ ಸಾಕು ಎಂದರು, ಯಾರ ಬಾಯಲ್ಲಿ ಬೆಳಿಗ್ಗೆ ಹನ್ನೊಂದಕ್ಕೇ ವಾಸನೆ ಬರುತ್ತಿದೆ ಎಂಬುದು ಮೊದಲು ಗೊತ್ತಾಗುವುದು ನಮಗೆ. ಅಷ್ಟರ ಮಟ್ಟಿಗೆ ಈ ಮಾತು ಹೇಳಲು ನನಗೆ ಅಧಿಕಾರವಿದೆ ಎಂದುಕೊಂಡಿದ್ದೇನೆ.

ಇವತ್ತು ಆಗಸ್ಟ್ 1, ಇಳಕಲ್ ಚಿತ್ತರಗಿ ಸಂಸ್ಥಾನ ಮಠದ ಡಾ. ಮಹಾಂತ ಅಪ್ಪಗಳ ಜನ್ಮದಿನ. ಸರ್ಕಾರವೂ ಈ ದಿನವನ್ನು ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ಮಠದ ಜೋಳಿಗೆ ಎಂದರೆ ಜೋಳ, ಗೋಧಿ, ಕಾಣಿಕೆ ಬೀಳುವ ಚೀಲ ಎಂದು ತಿಳಿದಿದ್ದ ಜನರ ಮುಂದೆ ಅಪ್ಪಗಳು ಅದೇ ಜೋಳಿಗೆ ಹಿಡಿದು ನಿಂತು, ನಿಮ್ಮ ದುಶ್ಚಟವನ್ನು ಭಿಕ್ಷೆ ಹಾಕಿ ಎಂದು ಕೇಳಿದರು. ಓಣಿ ಓಣಿ ತಿರುಗಿದರು. ಬೀಡಿ, ಗುಟ್ಕಾ, ಸಾರಾಯಿ ಬಿಟ್ಟವರ ಲೆಕ್ಕ ಬೇರೆ ಮಾತು. 2018ರಲ್ಲಿ ಅಪ್ಪಗಳು ಲಿಂಗೈಕ್ಯರಾದ ಮೇಲೂ ನಮ್ಮ ಕಡೆಯ ಹಳ್ಳಿಗಳಲ್ಲಿ ‘ಜೋಳಿಗಿಗೆ ಹಾಕೀನಿ’ ಎಂದರೆ ‘ಕುಡಿಯೂದು ಬಿಟ್ಟೀನಿ’ ಎಂದೇ ಅರ್ಥ. ಒಂದು ಚಟಕ್ಕೆ ವಿದಾಯ ಹೇಳಲು ಜನರ ಬಾಯಿಗೆ ಒಂದು ಮಾತು ಕೊಡುವುದು ಸಣ್ಣ ಕೆಲಸವಲ್ಲ.

ಆ ಜೋಳಿಗೆಯನ್ನು ಮುಂದೆ ಹೊರುವವರು ನಾವು. ಅದರಲ್ಲಿ ಏನು ಬೀಳಬೇಕು, ಏನು ಬೀಳಬಾರದು ಎಂಬ ಎಚ್ಚರವೂ ನಮ್ಮದೇ. ನನ್ನ ಅಂಗಡಿಗೆ ಬರುವ ಒಬ್ಬ ತಾಯಿ ಹೋದ ವರ್ಷ ಬಹಳ ಸಂತೋಷದಿಂದ ಹೇಳಿದರು: “ಅಕ್ಕಾರ, ನಮ್ಮ ಹುಡುಗ ಊರಿಗೆ ಹೋದಾಗ ಆಣಿ ಮಾಡ್ಯಾನ್ರಿ. ಶೆರೆ ಬಿಟ್ಟಾನ, ಗುಟ್ಕಾ ಬಿಟ್ಟಾನ, ಈ ಗುಳಿಗೀನೂ ಬಿಟ್ಟಾನ. ಎಲ್ಲಾ ಒಮ್ಮೆಗೇ ಬಿಟ್ಟಬಿಟ್ಟ.” ಆ ಗುಳಿಗೆ ಲಿಥಿಯಂ. ಅದು ಚಟವಲ್ಲ. ಸಕ್ಕರೆ ಕಾಯಿಲೆಯವರ ಇನ್ಸುಲಿನ್ ಚಟವಲ್ಲದ ಹಾಗೆ, ಬಿ.ಪಿ. ಗುಳಿಗೆ ಚಟವಲ್ಲದ ಹಾಗೆ. ಆದರೆ ಮನಸ್ಸಿನ ಕಾಯಿಲೆಯ ಗುಳಿಗೆಯನ್ನು ದಿನಾ ನುಂಗುವವರನ್ನು ನಮ್ಮ ಜನ ‘ಗುಳಿಗಿ ಚಟ’ ಎಂದೇ ಕರೆಯುತ್ತಾರೆ. ಮೂರು ತಿಂಗಳೂ ಆಗಿರಲಿಲ್ಲ. ಆ ಹುಡುಗ ರಾತ್ರಿಯೆಲ್ಲ ನಿದ್ದೆಯಿಲ್ಲದೆ, ಸಾಲ ಮಾಡಿ ಎರಡು ಬೈಕ್ ಕೊಂಡು, ತಾನು ಹೊಸ ಮಠ ಕಟ್ಟುತ್ತೇನೆ ಎಂದು ಹೊರಟು, ಕೊನೆಗೆ ಆಸ್ಪತ್ರೆ ಸೇರಿದ.

ಕಾಯಿಲೆಯ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ. ಬೈಪೋಲಾರ್ ಎಂದರೆ ಎರಡು ಧ್ರುವ. ಕನ್ನಡದ ಪುಸ್ತಕಗಳಲ್ಲಿ ಉನ್ಮಾದ–ಖಿನ್ನತೆ ಕಾಯಿಲೆ ಎಂದು ಬರೆಯುತ್ತಾರೆ. ಕೆಲವು ವಾರ ಅಥವಾ ತಿಂಗಳು ಮನಸ್ಸು ಏರುತ್ತದೆ: ಮಾತು ಜಾಸ್ತಿ, ನಿದ್ದೆ ಬೇಡ, ದುಡ್ಡು ನೀರು, ತಾನು ಯಾರಿಗೂ ಕಡಿಮೆಯಿಲ್ಲ ಎಂಬ ಭಾವ. ಆಮೇಲೆ ಇಳಿಯುತ್ತದೆ: ಹಾಸಿಗೆ ಬಿಟ್ಟು ಏಳಲಾಗದು, ಊಟ ಸೇರದು, ಸಾಯಬೇಕು ಎನ್ನಿಸುತ್ತದೆ. ನಡುವೆ ಎಲ್ಲ ಸರಿಯಿರುವ ಕಾಲವೂ ಇರುತ್ತದೆ. ಜನ ಮೋಸ ಹೋಗುವುದು ಅಲ್ಲೇ. ಈಗ ಆರಾಮ ಇದ್ದಾನಲ್ಲ, ಗುಳಿಗೆ ಯಾಕೆ ಎನ್ನುತ್ತಾರೆ. ನಿಮ್ಹಾನ್ಸ್ ಸಂಸ್ಥೆ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಜೀವನದಲ್ಲಿ ಒಮ್ಮೆಯಾದರೂ ಈ ಕಾಯಿಲೆ ಕಂಡವರು ವಯಸ್ಕರಲ್ಲಿ ಶೇ. 0.5, ಅಂದರೆ ಇನ್ನೂರು ಜನರಲ್ಲಿ ಒಬ್ಬರು. ಒಂದು ದೊಡ್ಡ ಮದುವೆಯಲ್ಲಿ ಒಂದೇ ಪಂಕ್ತಿಗೆ ಕೂರುವಷ್ಟು ಜನರಲ್ಲಿ ಒಬ್ಬರು ಎಂದುಕೊಳ್ಳಿ. ಕಾಯಿಲೆ ಇದ್ದವರಲ್ಲಿ ನೂರಕ್ಕೆ ಸುಮಾರು ಎಪ್ಪತ್ತು ಮಂದಿಗೆ ಚಿಕಿತ್ಸೆಯೇ ಸಿಗುತ್ತಿಲ್ಲ ಎಂದೂ ಅದೇ ಸಮೀಕ್ಷೆ ಹೇಳಿತು.

ಈ ಕಾಯಿಲೆಗೂ ಕುಡಿತಕ್ಕೂ ಹಳೆಯ ನಂಟು. ಅಮೆರಿಕದಲ್ಲಿ ನಡೆದ ಒಂದು ದೊಡ್ಡ ಸಮೀಕ್ಷೆಯ ಫಲಿತಾಂಶ 1990ರಲ್ಲಿ ಪ್ರಕಟವಾಯಿತು. ಪೂರ್ಣ ಪ್ರಮಾಣದ ಉನ್ಮಾದ ಬರುವ ಬಗೆಯ ಬೈಪೋಲಾರ್ ಇದ್ದವರಲ್ಲಿ ನೂರಕ್ಕೆ 46 ಮಂದಿಗೆ ಜೀವನದ ಒಂದಲ್ಲ ಒಂದು ಹಂತದಲ್ಲಿ ಕುಡಿತವೂ ಕಾಯಿಲೆಯ ಮಟ್ಟಕ್ಕೆ ಹೋಗಿತ್ತು. ಆದ್ದರಿಂದ ಇಂಥವರು ಕುಡಿಯುವುದನ್ನು ಬರೀ ಸಂಸ್ಕಾರ ಕೆಟ್ಟ ಲಕ್ಷಣ ಎಂದು ತಳ್ಳಿಬಿಡಲಾಗದು. ಮನಸ್ಸು ಏರಿದಾಗ ಹಿಡಿತ ತಪ್ಪಿ ಕುಡಿಯುತ್ತಾರೆ. ಇಳಿದಾಗ ನೋವು ತಡೆಯಲಾರದೆ ಕುಡಿಯುತ್ತಾರೆ. ನಿದ್ದೆ ಬರಲಿ ಎಂದು ಕುಡಿಯುವವರೂ ಇದ್ದಾರೆ. ಅದಂತೂ ದೊಡ್ಡ ಮೋಸ. ಮದ್ಯ ಬೇಗ ಮಲಗಿಸುತ್ತದೆ, ನಡುರಾತ್ರಿ ಎಬ್ಬಿಸುತ್ತದೆ. ಉಳಿದವರಿಗೆ ಒಂದು ರಾತ್ರಿಯ ನಿದ್ದೆ ಹೋದರೆ ಮರುದಿನ ತಲೆನೋವು, ಅಷ್ಟೆ. ಬೈಪೋಲಾರ್ ಇದ್ದವರಿಗೆ ನಾಲ್ಕು ರಾತ್ರಿಯ ನಿದ್ದೆಗೇಡು ಉನ್ಮಾದಕ್ಕೆ ಬಾಗಿಲು ತೆರೆದ ಹಾಗೆ.

ಈಗ ಔಷಧದ ಮಾತಿಗೆ ಬರುತ್ತೇನೆ. ಲಿಥಿಯಂ ಬಗ್ಗೆ ಸ್ವಲ್ಪ ಹೆಚ್ಚು ಹೇಳುತ್ತೇನೆ, ಯಾಕೆಂದರೆ ಅಲ್ಲಿ ತಪ್ಪಿದರೆ ಜೀವಕ್ಕೇ ಬರುತ್ತದೆ.

ಲಿಥಿಯಂ ಯಾವುದೋ ಹೊಸ ರಾಸಾಯನಿಕವಲ್ಲ. ಕಲ್ಲಿನಲ್ಲಿ ಸಿಗುವ ಒಂದು ಲವಣ. ಕಲ್ಲು ಎಂಬ ಅರ್ಥದ ಗ್ರೀಕ್ ಮಾತಿನಿಂದಲೇ ಆ ಹೆಸರು ಬಂದದ್ದು. ಉನ್ಮಾದಕ್ಕೆ ಅದು ನಾಟುತ್ತದೆ ಎಂದು 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಎಂಬ ವೈದ್ಯರು ಬರೆದರು. ಅವರ ಮೊದಲ ರೋಗಿಯ ಕಥೆ ಕೇಳಬೇಕು. ಐವತ್ತು ದಾಟಿದ ಮನುಷ್ಯ. ಐದು ವರ್ಷದಿಂದ ಉನ್ಮಾದದಲ್ಲೇ ಇದ್ದು ಆಸ್ಪತ್ರೆಯವರಿಗೆ ತಲೆನೋವಾಗಿದ್ದವನು. ಲಿಥಿಯಂ ಕೊಟ್ಟ ಕೆಲವೇ ವಾರಗಳಲ್ಲಿ ಇಳಿದ, ಮನೆಗೆ ಹೋದ, ಕೆಲಸಕ್ಕೂ ಸೇರಿದ. ಆಮೇಲೆ ಆರಾಮ ಆಯಿತೆಂದು ಔಷಧ ಬಿಟ್ಟ. ಕೆಲವೇ ತಿಂಗಳಲ್ಲಿ ಮತ್ತೆ ಅದೇ ಆಸ್ಪತ್ರೆಗೆ ಬಂದ. ಮತ್ತೆ ಔಷಧ ಶುರುವಾಯಿತು. ಕೊನೆಗೆ ಅದೇ ಔಷಧ ಮೈಯಲ್ಲಿ ಜಾಸ್ತಿಯಾಗಿ ತೀರಿಕೊಂಡ. ಆಗ ರಕ್ತದಲ್ಲಿ ಅದರ ಮಟ್ಟ ನೋಡುವ ಪದ್ಧತಿ ಬಂದಿರಲಿಲ್ಲ. ಬಿಟ್ಟರೆ ಕಾಯಿಲೆ ತಿರುಗಿ ಬರುತ್ತದೆ, ಜಾಸ್ತಿಯಾದರೆ ವಿಷ. ಈ ಔಷಧದ ಎರಡು ಗುಣವೂ ಅವನೊಬ್ಬನಲ್ಲೇ ಕಂಡುಬಿಟ್ಟವು.

ಈಗ ರಕ್ತ ಪರೀಕ್ಷೆ ಇದೆ. ಒಂದು ಲೀಟರಿಗೆ 0.6ರಿಂದ 1.0 ಮಿಲಿಮೋಲ್ ಒಳಗೆ ಇರುವಂತೆ ಡಾಕ್ಟರರು ನೋಡಿಕೊಳ್ಳುತ್ತಾರೆ. 1.5 ದಾಟಿದರೆ ವಿಷದ ಲಕ್ಷಣ ಶುರು, 2 ದಾಟಿದರೆ ಅಪಾಯ. ಗಮನಿಸಿ, ಔಷಧಕ್ಕೂ ವಿಷಕ್ಕೂ ನಡುವೆ ಇರುವ ಜಾಗ ಒಂದು ಹೆಜ್ಜೆಯಷ್ಟು. ಬೇರೆ ಹೆಚ್ಚಿನ ಗುಳಿಗೆಗಳಲ್ಲಿ ಇಷ್ಟು ಇಕ್ಕಟ್ಟಿಲ್ಲ.

ಮದ್ಯ ಇಲ್ಲಿ ಮಾಡುವ ಕೆಲಸ ಹೀಗಿದೆ. ಕುಡಿದವರು ಪದೇ ಪದೇ ಮೂತ್ರಕ್ಕೆ ಹೋಗುತ್ತಾರೆ, ಮೈಯ ನೀರು ಹೋಗುತ್ತದೆ. ವಾಂತಿಯಾದರೆ ನೀರಿನ ಜೊತೆ ಉಪ್ಪೂ ಹೋಗುತ್ತದೆ. ಆಗ ಮೂತ್ರಪಿಂಡ ಉಳಿದ ಉಪ್ಪನ್ನು ಬಿಗಿಯಾಗಿ ಹಿಡಿದುಕೊಳ್ಳಲು ನೋಡುತ್ತದೆ. ಅದರ ಕಣ್ಣಿಗೆ ಲಿಥಿಯಂ ಕೂಡ ಉಪ್ಪೇ. ಹೊರಗೆ ಹೋಗಬೇಕಾದ ಲಿಥಿಯಂ ಒಳಗೇ ಉಳಿಯುತ್ತದೆ, ಮಟ್ಟ ಏರುತ್ತದೆ. ಮಂಗಳೂರಿನ ಮಾರ್ಚ್, ಏಪ್ರಿಲ್, ಮೇ ತಿಂಗಳ ಬೆವರನ್ನು ಇದಕ್ಕೆ ಸೇರಿಸಿ. ಮರುದಿನ ತಲೆನೋವಿಗೆಂದು ಐಬುಪ್ರೊಫೇನ್, ಡೈಕ್ಲೋಫಿನಾಕ್ ತರದ ನೋವಿನ ಗುಳಿಗೆ ನುಂಗಿದರೆ ಮೂತ್ರಪಿಂಡ ಇನ್ನಷ್ಟು ಲಿಥಿಯಂ ಹಿಡಿದಿಟ್ಟುಕೊಳ್ಳುತ್ತದೆ. ಕುಡಿತ, ವಾಂತಿ, ಬಿಸಿಲು, ನೋವಿನ ಗುಳಿಗೆ, ನಾಲ್ಕೂ ಒಂದೇ ಭಾನುವಾರ ಸೇರುವುದು ಅಪರೂಪವೇನಲ್ಲ.

ಸೇರಿದ್ದನ್ನು ನಾನು ನೋಡಿದ್ದೇನೆ. ನಮ್ಮ ಕಡೆಯ ಒಬ್ಬ ಹುಡುಗ. ಹೆಸರು ಬೇಡ, ಊರೂ ಬೇಡ. ಬೈಕಂಪಾಡಿ ಕಡೆ ಕಾರ್ಖಾನೆಯಲ್ಲಿ ಕೆಲಸ, ಇಲ್ಲಿ ಹತ್ತಿರದಲ್ಲೇ ಮೂವರ ಜೊತೆ ಬಾಡಿಗೆ ಕೋಣೆ. ಈ ಊರಿನ ಮದುವೆಗಳಲ್ಲಿ ಹಿಂದಿನ ರಾತ್ರಿ ಮೆಹೆಂದಿ ಎಂದು ಮಾಡುತ್ತಾರೆ, ನಿಮಗೆಲ್ಲ ಗೊತ್ತು. ಊಟ, ಡಿ.ಜೆ., ಹಿಂದುಗಡೆ ಒಂದು ಮೇಜಿನ ಮೇಲೆ ಬಾಟಲಿ. ನಮ್ಮ ಹುಡುಗರು ಊರಲ್ಲಿ ಅಪ್ಪನ ಕಣ್ಣಿಗೆ ಹೆದರುತ್ತಿದ್ದವರು, ಇಲ್ಲಿ ಗೆಳೆಯರ ಮಾತಿಗೆ ಇಲ್ಲ ಎನ್ನಲಾರದವರು. ಅವನು ಶನಿವಾರ ರಾತ್ರಿ ಕುಡಿದ. ಭಾನುವಾರ ಪೂರ್ತಿ ವಾಂತಿ. ತಲೆನೋವಿಗೆ ಯಾರೋ ಕೊಟ್ಟ ಗುಳಿಗೆ ನುಂಗಿದ. ನೀರು ಸರಿಯಾಗಿ ಕುಡಿಯಲಿಲ್ಲ. ಲಿಥಿಯಂ ಮಾತ್ರ ತಪ್ಪಿಸಲಿಲ್ಲ, ಪಾಪ. ಸೋಮವಾರ ಬೆಳಿಗ್ಗೆ ಕೈ ನಡುಗುತ್ತಿತ್ತು, ಮಾತು ತೊದಲುತ್ತಿತ್ತು, ಎದ್ದು ನಿಂತರೆ ತೂರಾಡುತ್ತಿದ್ದ. ಕೋಣೆಯವರು ನೋಡಿ, ‘ಇನ್ನೂ ಇಳಿದಿಲ್ಲ ಇವನಿಗೆ’ ಎಂದು ನಕ್ಕು, ನಿಂಬೆಹಣ್ಣಿನ ಪಾನಕ ಕುಡಿಸಿ, ಮಲಗಿಸಿ ಡ್ಯೂಟಿಗೆ ಹೋದರು.

ಸಂಜೆ ಅವರಲ್ಲೊಬ್ಬ ಅಂಗಡಿಗೆ ಬಂದು, “ಅಕ್ಕಾರ, ನಿಶೆ ಇಳಿಯೂ ಗುಳಿಗಿ ಏನರ ಐತೇನ್ರಿ?” ಎಂದು ಕೇಳಿದ. ಯಾವಾಗ ಕುಡಿದಿದ್ದು ಎಂದೆ. ಶನಿವಾರ ಎಂದ. “ಶನಿವಾರ ಕುಡಿದದ್ದು ಸೋಮವಾರ ಸಂಜಿತನಾ ಇರತೈತೇನಪ್ಪಾ?” ಎಂದೆ. ಆ ಹುಡುಗನ ಚೀಟಿ ನಮ್ಮಲ್ಲೇ ಇತ್ತು, ಅವನು ಏನು ನುಂಗುತ್ತಾನೆಂದು ನನಗೆ ಗೊತ್ತಿತ್ತು. ಆಟೋ ಮಾಡಿ ಕಳಿಸಿದೆ. ಆಸ್ಪತ್ರೆಯಲ್ಲಿ ನೋಡಿದಾಗ ಲಿಥಿಯಂ ಮಟ್ಟ ಎರಡು ದಾಟಿತ್ತು. ಸಲೈನ್ ಹಾಕಿದರು, ಮೂತ್ರಪಿಂಡದ ಪರೀಕ್ಷೆ ಮಾಡಿದರು, ಐದು ದಿನ ಇಟ್ಟುಕೊಂಡರು. ಇನ್ನೂ ತಡವಾಗಿದ್ದರೆ ಡಯಾಲಿಸಿಸ್ ಮಾಡಬೇಕಾಗುತ್ತಿತ್ತು ಎಂದರಂತೆ. ಹುಡುಗ ಉಳಿದ.

ತಾಯಂದಿರೇ, ಈ ಒಂದು ಮಾತನ್ನು ದಯವಿಟ್ಟು ಮನೆಗೆ ಒಯ್ಯಿರಿ. ಲಿಥಿಯಂ ವಿಷವೇರಿದವನು ನೋಡಲು ಕುಡಿದವನ ಹಾಗೇ ಇರುತ್ತಾನೆ. ತೊದಲು, ತೂರಾಟ, ನಡುಕ, ವಾಂತಿ, ಭೇದಿ, ಮಂಕು. ಮನೆಯಲ್ಲಿ ಲಿಥಿಯಂ ತೆಗೆದುಕೊಳ್ಳುವವರಿದ್ದು, ಹೀಗೆ ಕಂಡರೆ, ಅವರು ಕುಡಿದಿರಲಿ ಕುಡಿಯದಿರಲಿ, ‘ಮಲಗಿ ಎದ್ದರೆ ಸರಿಹೋಗುತ್ತದೆ’ ಎಂದು ಬಿಡಬೇಡಿ. ಮುಂದಿನ ಗುಳಿಗೆ ಕೊಡದೆ ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ಹೋಗುವಾಗ ಗುಳಿಗೆಯ ಪಟ್ಟಿಯನ್ನೂ ಚೀಟಿಯನ್ನೂ ಕೈಯಲ್ಲಿ ಹಿಡಿದುಕೊಂಡು ಹೋಗಿ. ಅಲ್ಲಿಯೂ ‘ಕುಡಿದು ಬಂದಿದ್ದಾನೆ’ ಎಂದಷ್ಟೇ ಹೇಳಿದರೆ ಅವರೂ ಮೊದಲು ಕುಡಿತವನ್ನೇ ನೋಡುತ್ತಾರೆ. ‘ಲಿಥಿಯಂ ತೆಗೆದುಕೊಳ್ಳುತ್ತಾನೆ’ ಎಂಬುದು ನಿಮ್ಮ ಬಾಯಿಂದ ಬರುವ ಮೊದಲ ಮಾತಾಗಿರಲಿ.

ಉಳಿದ ಔಷಧಗಳನ್ನು ಬೇಗ ಮುಗಿಸುತ್ತೇನೆ. ವಾಲ್ಪ್ರೋಯೇಟ್ ಎಂಬ ಔಷಧ ಬಹಳ ಜನರಿಗೆ ಬರೆಯುತ್ತಾರೆ. ಅದಕ್ಕೂ ಮದ್ಯಕ್ಕೂ ಯಕೃತ್ತೇ ಕೆಲಸದ ಮನೆ. ಕುಡಿದು ಯಕೃತ್ತು ಕೆಟ್ಟವರಿಗೆ ಅದನ್ನು ಕೊಡುವುದೇ ಕಷ್ಟವಾಗುತ್ತದೆ. ಒಲಾಂಜಪೀನ್, ಕ್ವೆಟಿಯಾಪೀನ್ ತರದವು ತಾವೇ ನಿದ್ದೆ ತರಿಸುವಂಥವು. ಮೇಲೆ ಮದ್ಯ ಬಿದ್ದರೆ ಬೈಕಿನ ಮೇಲೆ ಕುಳಿತವನ ಗತಿ ನೀವೇ ಊಹಿಸಿ. ಎಲ್ಲಕ್ಕಿಂತ ಕೆಟ್ಟ ಜೋಡಿ ಕ್ಲೊನಜೆಪಾಮ್, ಲೊರಜೆಪಾಮ್ ತರದ ನಿದ್ದೆಯ ಗುಳಿಗೆ ಮತ್ತು ಮದ್ಯ. ಎರಡೂ ಒಂದೇ ಕಡೆಯಿಂದ ಮೆದುಳನ್ನು ಮಲಗಿಸುತ್ತವೆ. ನಿದ್ದೆ ಆಳವಾಗಿ ಉಸಿರಾಟವೇ ನಿಧಾನವಾಗಬಹುದು, ಅಂಗಾತ ಮಲಗಿದವನ ವಾಂತಿ ಶ್ವಾಸಕೋಶಕ್ಕೆ ಇಳಿಯಬಹುದು. ಹಾಗೆ ಮಲಗಿದವನನ್ನು ಮಗ್ಗುಲಿಗೆ ತಿರುಗಿಸಿ, ಒಬ್ಬನನ್ನೇ ಬಿಡಬೇಡಿ. ಎಬ್ಬಿಸಿದರೆ ಏಳದಿದ್ದರೆ 108ಕ್ಕೆ ಫೋನ್ ಮಾಡಿ.

ಇಷ್ಟು ಕೇಳಿದ ಮೇಲೆ ಯಾರಾದರೂ ತಲೆಯಲ್ಲಿ ಹೀಗೆ ಲೆಕ್ಕ ಹಾಕಬಹುದು: ಎರಡೂ ಸೇರಬಾರದು ತಾನೇ, ಹಾಗಾದರೆ ಕುಡಿಯುವ ದಿನ ಗುಳಿಗೆ ಬಿಟ್ಟರಾಯಿತು. ನನ್ನ ಕೌಂಟರಿನಲ್ಲಿ ಈ ಲೆಕ್ಕವನ್ನು ಎಷ್ಟು ಸಲ ಕೇಳಿದ್ದೇನೋ. “ಇವತ್ತ ಪಾರ್ಟಿ ಐತ್ರಿ ಅಕ್ಕಾರ, ಗುಳಿಗಿ ನಾಳಿಂದ ತೊಗೋತೀನಿ.” ಬುದ್ಧಿವಂತರು ಹಾಕುವ ಲೆಕ್ಕ ಇದು, ಅದಕ್ಕೇ ಇಷ್ಟು ಅಪಾಯ. ಶನಿವಾರ ಬಿಟ್ಟವನು ಭಾನುವಾರ ಮರೆಯುತ್ತಾನೆ. ಹಬ್ಬಕ್ಕೆ ನಾಲ್ಕು ದಿನ ಬಿಡುತ್ತಾನೆ. ಇಂಥ ಗುಳಿಗೆಗಳು ತಲೆನೋವಿನ ಗುಳಿಗೆಯ ಹಾಗೆ ಆವತ್ತಿನ ಕೆಲಸ ಆವತ್ತೇ ಮುಗಿಸುವುದಿಲ್ಲ. ದಿನವೂ ಒಂದೇ ಮಟ್ಟದಲ್ಲಿ ರಕ್ತದಲ್ಲಿದ್ದರೆ ಮಾತ್ರ ಕಾಯುತ್ತವೆ. ಲಿಥಿಯಂ ಅನ್ನು ಥಟ್ಟನೆ ನಿಲ್ಲಿಸಿದವರಲ್ಲಿ ಉನ್ಮಾದ ಬೇಗ ತಿರುಗಿ ಬರುತ್ತದೆ. ಅದು ಆತ್ಮಹತ್ಯೆಯ ಅಪಾಯವನ್ನು ಕಡಿಮೆ ಮಾಡುವ ಔಷಧವೂ ಹೌದು. ಬಿಟ್ಟವನು ಆ ಕಾವಲನ್ನೂ ಕಳೆದುಕೊಂಡ ಹಾಗೆ. ಅದರ ಮೇಲೆ ಮದ್ಯ! ಇಳಿದ ಮನಸ್ಸನ್ನು ಇನ್ನೂ ಇಳಿಸುವುದೂ ಅದೇ, ಸಾಯುವ ಯೋಚನೆಗೆ ಇದ್ದ ಅಂಜಿಕೆಯನ್ನು ಕಳೆಯುವುದೂ ಅದೇ.

ಹಾಗಾದರೆ ಕುಡಿದುಬಿಟ್ಟಿದ್ದಾನೆ, ಈ ರಾತ್ರಿಯ ಗುಳಿಗೆ ಕೊಡಬೇಕೋ ಬೇಡವೋ? ಉತ್ತರ ಗುಳಿಗೆಯಿಂದ ಗುಳಿಗೆಗೆ ಬೇರೆ, ಎಷ್ಟು ಕುಡಿದಿದ್ದಾನೆ ಎಂಬುದರ ಮೇಲೂ ಬೇರೆ. ಸರಿಯಿರುವ ದಿನಗಳಲ್ಲೇ ಡಾಕ್ಟರರನ್ನು ಈ ಪ್ರಶ್ನೆ ಕೇಳಿ, ಉತ್ತರವನ್ನು ಚೀಟಿಯ ಹಿಂದೆ ಬರೆಸಿಕೊಂಡು ಇಟ್ಟುಕೊಳ್ಳಿ. ಅರ್ಧರಾತ್ರಿ ಗಾಬರಿಯಲ್ಲಿ ನೀವೇ ತೀರ್ಮಾನ ಮಾಡುವ ಹಾಗೆ ಆಗಬಾರದು. ತಪ್ಪಿದ ಗುಳಿಗೆಯನ್ನು ಮರುದಿನ ಎರಡೆರಡು ಮಾಡಿ ಕೊಡಲೇಬೇಡಿ.

ಇಲ್ಲಿ ನಮ್ಮ ಸಮಾಜದ ಒಂದು ಕಷ್ಟವಿದೆ, ಬಿಚ್ಚಿ ಹೇಳಬೇಕು. ಡಾಕ್ಟರರು ‘ಕುಡಿಯುತ್ತೀಯಾ’ ಎಂದು ಕೇಳಿದರೆ, ಪಕ್ಕದಲ್ಲಿ ಕುಳಿತ ಅಪ್ಪನೇ ಮೊದಲು ಬಾಯಿ ಬಿಡುತ್ತಾನೆ: “ಇಲ್ರೀ ಸಾಹೇಬ್ರ, ನಾವು ಲಿಂಗಾಯತರು, ನಮ್ಮ ಮನ್ಯಾಗ ಅಂಥಾದ್ದೆಲ್ಲ ಇಲ್ರಿ.” ಮಗ ತಲೆ ತಗ್ಗಿಸುತ್ತಾನೆ. ಡಾಕ್ಟರರು ಅದನ್ನು ನಂಬಿ ಔಷಧ ಬರೆಯುತ್ತಾರೆ. ಕೊರಳಲ್ಲಿ ಲಿಂಗವಿದೆ ಎಂಬ ಕಾರಣಕ್ಕೆ ಮಗ ನಿಜ ಹೇಳಲಾರದ ಹಾಗೆ ಮಾಡಿದರೆ ಅದು ಧರ್ಮ ಹೇಗಾದೀತು? ಆ ಹುಡುಗನಿಗೆ ಎರಡು ನಾಚಿಕೆ. ತಲೆ ಸರಿಯಿಲ್ಲ ಎನ್ನುವುದೊಂದು, ಕುಡಿಯುತ್ತಾನೆ ಎನ್ನುವುದೊಂದು. ಎರಡನ್ನೂ ಮುಚ್ಚಿಡಲು ಹೋಗಿ ಒಬ್ಬನೇ ಆಗುತ್ತಾನೆ. ಡಾಕ್ಟರರ ಮುಂದೆ ವಾರಕ್ಕೆ ಎಷ್ಟು, ಯಾವುದು, ಕೊನೆಯ ಸಲ ಯಾವಾಗ, ಇಷ್ಟನ್ನೂ ಹೇಳಬೇಕು. ಮನೆಯವರು ಐದು ನಿಮಿಷ ಹೊರಗೆ ಕುಳಿತರೆ ಆ ಮಾತು ಬರುತ್ತದೆ. ಹೊರಗೆ ಕುಳಿತುಕೊಳ್ಳಿ.

ಅರಿಷ್ಟಗಳ ಬಗ್ಗೆಯೂ ಒಂದು ಮಾತು. ಮದ್ಯ ಮುಟ್ಟದ ಮನೆಗಳಲ್ಲಿಯೂ ದಶಮೂಲಾರಿಷ್ಟ, ಅಶ್ವಗಂಧಾರಿಷ್ಟದ ಬಾಟಲಿ ಇರುತ್ತದೆ. ಹುದುಗಿಸಿ ಮಾಡುವ ಔಷಧಗಳಾದ್ದರಿಂದ ಅವುಗಳಲ್ಲಿ ತಾನಾಗಿ ಹುಟ್ಟಿದ ಮದ್ಯಸಾರ ಇರುತ್ತದೆ, ಲೇಬಲ್ಲಿನಲ್ಲಿ ಬರೆದೂ ಇರುತ್ತದೆ. ಎರಡು ಚಮಚ ಅರಿಷ್ಟ ಕುಡಿದವನು ಕುಡುಕನಾಗುವುದಿಲ್ಲ. ಆದರೆ ಕುಡಿತ ಬಿಟ್ಟು ಕಷ್ಟಪಡುತ್ತಿರುವವನ ಕೈಗೆ ಆ ಬಾಟಲಿ ಕೊಡಬಾರದು, ಬೈಪೋಲಾರ್ ಔಷಧ ನಡೆದಿದ್ದರೆ ಡಾಕ್ಟರರಿಗೆ ಹೇಳದೆ ಕೊಡಬಾರದು.

ಇನ್ನೊಂದು ನನ್ನನ್ನು ಬಹಳ ಹೆದರಿಸುವ ವಿಷಯ. ‘ಗೊತ್ತಾಗದ ಹಾಗೆ ಸಾರಿನಲ್ಲಿ ಬೆರೆಸಿ ಕುಡಿತ ಬಿಡಿಸುವ ಪುಡಿ’ ಕೇಳಿಕೊಂಡು ಹೆಂಗಸರು ಬರುತ್ತಾರೆ. ಅವರ ಕಷ್ಟ ನನಗೆ ಗೊತ್ತು, ಬೈಯಲು ಮನಸ್ಸು ಬರುವುದಿಲ್ಲ. ಡೈಸಲ್ಫಿರಾಂ ಎಂಬ ಔಷಧವಿದೆ. ಅದು ಮೈಯಲ್ಲಿದ್ದಾಗ ಕುಡಿದರೆ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. ಡಾಕ್ಟರರು ರೋಗಿಗೆ ಎಲ್ಲ ತಿಳಿಸಿ, ಅವನ ಒಪ್ಪಿಗೆಯಿಂದ ಕೊಡುವ ಔಷಧ ಅದು. ಗುಟ್ಟಾಗಿ ಹಾಕಿದರೆ ಅವನಿಗೆ ತಿಳಿಯದು, ಎಂದಿನಂತೆ ಕುಡಿಯುತ್ತಾನೆ, ಅಪಾಯಕ್ಕೆ ಬೀಳುತ್ತಾನೆ. ಲಿಥಿಯಂ ತೆಗೆದುಕೊಳ್ಳುವವನಾದರೆ ಆ ವಾಂತಿಯೇ ಸಾಕು. ಡೈಸಲ್ಫಿರಾಂ ತಾನೇ ಕೆಲವರಲ್ಲಿ ಮನಸ್ಸನ್ನು ಕೆರಳಿಸುವುದೂ ಉಂಟು. ಹೆಸರಿಲ್ಲದ ಪುಡಿಗಳಲ್ಲಿ ಏನಿರುತ್ತದೋ ಮಾರುವವನಿಗೇ ಗೊತ್ತು.

ಜೋಳಿಗೆಯ ಕೆಲಸ ಮಾಡುವ ತರುಣರಿಗೆ ಒಂದು ಬಿನ್ನಹ. ಆಣೆ ಮಾಡಿಸುವ ಮೊದಲು ಎರಡು ಪ್ರಶ್ನೆ ಕೇಳಿ. ದಿನಾ ಎಷ್ಟು ಕುಡಿಯುತ್ತೀರಿ? ಯಾವುದಾದರೂ ಗುಳಿಗೆ ನಡೆದಿದೆಯೇ? ವರ್ಷಗಟ್ಟಲೆ ದಿನಾ ಕುಡಿದವನು ಒಮ್ಮೆಗೇ ನಿಲ್ಲಿಸಿದರೆ ಕೈ ನಡುಕ, ಬೆವರು ಶುರುವಾಗಿ, ಒಂದೆರಡು ದಿನದಲ್ಲಿ ಫಿಟ್ಸ್ ಬರಬಹುದು, ಎರಡು ಮೂರು ದಿನಕ್ಕೆ ಇಲ್ಲದ್ದು ಕಾಣುವ, ಇಲ್ಲದ್ದು ಕೇಳುವ ಸನ್ನಿಯೂ ಬರಬಹುದು. ಅದಕ್ಕೆ ಆಸ್ಪತ್ರೆಯಲ್ಲಿ ಚಿಕಿತ್ಸೆ ಇದೆ. ಮನೆಯಲ್ಲಿ ವಿಭೂತಿ ಹಚ್ಚಿ ಮಲಗಿಸಿದರೆ ಪ್ರಾಣ ಹೋದೀತು. ಅಂಥವರನ್ನು ಮೊದಲು ಡಾಕ್ಟರರ ಬಳಿ ಕರೆದೊಯ್ಯಿರಿ, ಆಮೇಲೆ ಆಣೆ. ಈ ಜಿಲ್ಲೆಯಲ್ಲಿ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರ ಮದ್ಯವರ್ಜನ ಶಿಬಿರಗಳು ನಡೆಯುತ್ತವೆ. ಎಷ್ಟೋ ಮನೆ ಉಳಿದಿವೆ. ಅಲ್ಲಿಗೆ ಸೇರಿಸುವಾಗಲೂ ಬೈಪೋಲಾರ್ ಇರುವುದನ್ನು ಮೊದಲೇ ತಿಳಿಸಿ, ಗುಳಿಗೆಗಳನ್ನು ಜೊತೆಗೇ ಕಳಿಸಿ, ಡಾಕ್ಟರರ ಚೀಟಿಯನ್ನೂ ಕಳಿಸಿ.

ಖರ್ಚಿನ ಚಿಂತೆ ಬೇಡ. ಲಿಥಿಯಂ ಅಗ್ಗದ ಔಷಧ. ಮಂಗಳೂರಿನಲ್ಲಿ ವೆನ್ಲಾಕ್ ಜಿಲ್ಲಾ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗವಿದೆ. ಊರಿನ ಕಡೆ ಇರುವವರಿಗೆ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆಯಿದೆ. ದೊಡ್ಡ ಆಸ್ಪತ್ರೆ ಬೇಕಾದರೆ ಧಾರವಾಡದಲ್ಲಿ ಡಿಮ್ಹಾನ್ಸ್, ಬೆಂಗಳೂರಿನಲ್ಲಿ ನಿಮ್ಹಾನ್ಸ್. ಯಾರಿಗೂ ಮುಖ ತೋರಿಸಲು ಮನಸ್ಸಿಲ್ಲದಿದ್ದರೆ 14416ಕ್ಕೆ ಫೋನ್ ಮಾಡಿ. 2022ರ ಅಕ್ಟೋಬರಿನಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ, ಕನ್ನಡದಲ್ಲಿ, ದುಡ್ಡಿಲ್ಲದೆ. ಸಾಯುವ ಮಾತು ಯಾರ ಬಾಯಲ್ಲಿ ಬಂದರೂ ‘ಕುಡಿದ ಮಾತು’ ಎಂದು ತಳ್ಳದೆ ಆ ನಂಬರಿಗೆ ಫೋನ್ ಮಾಡಿ, ಆ ರಾತ್ರಿ ಅವರ ಜೊತೆಗೇ ಇರಿ.

ಸಭೆಗೆ ಮೊದಲು ಒಬ್ಬ ಅಣ್ಣನವರು ಹೊರಗೆ ಚಹಾ ಕುಡಿಯುವಾಗ ನನ್ನನ್ನು ಕೇಳಿದರು: “ಅಕ್ಕಾರ, ಹಬ್ಬಕ್ಕ ಒಂದ ಗ್ಲಾಸ್ ಬಿಯರ್ ಆದ್ರ ಏನಾಗತೈತ್ರಿ?” ಅವರ ತಮ್ಮನಿಗೆ ಎಂಟು ವರ್ಷದಿಂದ ಔಷಧ ನಡೆದಿದೆ. ಒಂದು ಗ್ಲಾಸಿಗೆ ಎಲ್ಲರಿಗೂ ಏನಾದರೂ ಆಗಿಯೇ ಆಗುತ್ತದೆ ಎಂದು ನಾನು ಸುಳ್ಳು ಹೇಳಲಾರೆ. ಆಗದೆಯೂ ಇರಬಹುದು. ಆದರೆ ಇಷ್ಟು ಕುಡಿದರೆ ಪರವಾಗಿಲ್ಲ ಎನ್ನುವ ಗೆರೆಯನ್ನು ಈ ಕಾಯಿಲೆಯಲ್ಲಿ ಯಾರೂ ಎಳೆದುಕೊಡಲಾರರು. ಬಿಸಿಲು, ನಿದ್ದೆ, ಜೊತೆಗಿರುವ ಗುಳಿಗೆ, ಮನಸ್ಸು ಏರುತ್ತಿದೆಯೋ ಇಳಿಯುತ್ತಿದೆಯೋ, ಎಲ್ಲದರ ಮೇಲೂ ಆ ಗೆರೆ ಸರಿಯುತ್ತದೆ. ಒಂದು ಗ್ಲಾಸಿಗೆ ನಿಲ್ಲಿಸುವ ಶಕ್ತಿಯನ್ನೇ ಮೊದಲು ಕಿತ್ತುಕೊಳ್ಳುವ ಕಾಯಿಲೆ ಇದು. ಅದಕ್ಕೇ ಡಾಕ್ಟರರು ಪೂರ್ತಿ ಬೇಡ ಎನ್ನುವುದು. ತಮ್ಮನನ್ನು ಮೆಹೆಂದಿಗೆ ಹೋಗಬೇಡ ಎಂದು ಕೋಣೆಯಲ್ಲಿ ಕೂಡಿಹಾಕಬೇಡಿ, ನೀವೂ ಜೊತೆಗೆ ಹೋಗಿ, ಇಬ್ಬರೂ ಮಜ್ಜಿಗೆ ಕುಡಿದು ಹತ್ತು ಗಂಟೆಗೆ ಮನೆಗೆ ಬನ್ನಿ ಎಂದು ಅವರಿಗೆ ಹೇಳಿದೆ.

ಪ್ರಶ್ನೆಗಳಿದ್ದರೆ ಇಲ್ಲೇ ಕೇಳಬಹುದು. ಎಲ್ಲರ ಮುಂದೆ ಕೇಳಲು ಸಂಕೋಚವಾದರೆ ಪ್ರಸಾದದ ನಂತರ ನಾನು ಹಿಂದಿನ ಸಾಲಿನಲ್ಲಿ ಕುಳಿತಿರುತ್ತೇನೆ.